ವಿನೋದೋದ್ಯಾನದಲ್ಲಿ ದುಡಿಯುವವರು

ರಜೆಯ ದಿನಗಳಲ್ಲಿ ಮಕ್ಕಳೊಡನೆ ವಿನೋದೋದ್ಯಾನಗಳಿಗೆ ಹೋಗುವುದು ಈಗ ಅನೇಕ ಕುಟುಂಬಗಳಲ್ಲಿ ರೂಢಿಯಾಗಿದೆ. ನಾವು ತೊಟ್ಟಿಲಲ್ಲಿ ಕುಳಿತೊಡನೆ ನೌಕರನೊಬ್ಬನು ಬಂದು ಸೊಂಟಕ್ಕೆ ಪಟ್ಟಿಯನ್ನು ಬಿಗಿದು, ಅಡ್ಡಕಂಬಿಯನ್ನು ಎಳೆದುನೋಡಿ, ಬಳಿಕವೇ ಯಂತ್ರ ನಡೆಯಿಸಲು ಸನ್ನೆ ಮಾಡುತ್ತಾನೆ. ನಮ್ಮನ್ನು ಹೀಗೆ ಕಾಯುವವರನ್ನು ಕಾಯುವವರಾರು? ಈ ತಿಂಗಳು ಇದನ್ನು ಕುರಿತು ವಾಚಕರೊಡನೆ ಎರಡು ಮಾತನಾಡಬಯಸುತ್ತೇವೆ.

ಉದ್ಯಾನದ ಬಾಗಿಲು ತೆರೆಯುವ ಮುನ್ನವೇ ಹಳಿಗಳ ಮೇಲೇರಿ ತಿರುಪುಗಳನ್ನು ಪರೀಕ್ಷಿಸುವವರು, ದೀಪ ಬದಲಾಯಿಸುವವರು, ಛಾವಣಿ ತೊಳೆಯುವವರು ತಮ್ಮ ಕೆಲಸವನ್ನು ಮುಗಿಸಿರುತ್ತಾರೆ. ಅವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವರ ಅಪಾಯವೂ ಹಾಗೆಯೇ.

ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ಲೋಕಪ್ರಸಿದ್ಧವಾದುದು. 2012ನೆಯ ನವೆಂಬರಿನಲ್ಲಿ ಅಲ್ಲಿಯ ‘ಸ್ಪೇಸ್ ಮೌಂಟನ್’ ಕಟ್ಟಡದ ಹೊರಮೈಯನ್ನು ಶುಚಿಮಾಡುತ್ತಿದ್ದ ಗುತ್ತಿಗೆಯ ಕೆಲಸಗಾರನೊಬ್ಬನು ಜಾರಿ ಮೂಳೆ ಮುರಿದುಕೊಂಡನು. ಮರುವರ್ಷ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆಯು ಎರಡು ಲಕ್ಷ ಡಾಲರಿಗೂ ಮಿಕ್ಕ ದಂಡವನ್ನು ಉದ್ಯಾನದ ಮೇಲೆಯೇ ವಿಧಿಸಿತು. ಏಪ್ರಿಲಿನಲ್ಲಿ ಆ ಸವಾರಿಯೂ ಇನ್ನೆರಡು ಸವಾರಿಗಳೂ ಕೆಲಕಾಲ ಮುಚ್ಚಲ್ಪಟ್ಟವು. ಕೂಲಿ ಕೊಡುವವನು ಗುತ್ತಿಗೆದಾರನೆಂದ ಮಾತ್ರಕ್ಕೆ ಒಡೆಯನ ಹೊಣೆ ನೀಗುವುದಿಲ್ಲವೆಂಬುದು ಇದರ ತಾತ್ಪರ್ಯ.

“ಪಳಗಿದ ಕೈಯವನು ಬೀಳುವುದಿಲ್ಲ” ಎನ್ನುವವರುಂಟು. ಆದರೆ ಲೆಕ್ಕ ಬೇರೆ ಹೇಳುತ್ತದೆ. ಕೇವಲ 4 ಅಡಿ ಎತ್ತರದಿಂದ ಜಾರಿದವನು ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ 17 ಕಿಲೊಮೀಟರಿಗೂ ಹೆಚ್ಚು. ಅಷ್ಟರಲ್ಲಿ ಕೈಚಾಚಿ ಏನನ್ನಾದರೂ ಹಿಡಿಯುವುದು ಎಂತಹ ಪಳಗಿದವನಿಗೂ ದುಸ್ತರ. ಆದುದರಿಂದಲೇ ಅಮೆರಿಕಾದ ಕೇಂದ್ರ ನಿಯಮವು ಸಾಮಾನ್ಯ ಉದ್ಯಮಗಳಲ್ಲಿ 4 ಅಡಿಯಿಂದಲೇ ಕಟಕಟೆಯನ್ನೋ ಬಲೆಯನ್ನೋ ಸುರಕ್ಷಾಪಟ್ಟಿಯನ್ನೋ ಕಡ್ಡಾಯ ಮಾಡಿದೆ. ಪಟ್ಟಿಯೊಂದೇ ಸಾಲದು. ಅದರಲ್ಲಿ ಅಲುಗಾಡದೆ ತೂಗಾಡುವವನ ರಕ್ತ ಕಾಲುಗಳಲ್ಲಿ ನಿಂತು, ಕೆಲವೇ ನಿಮಿಷಗಳಲ್ಲಿ ಅವನು ಮೂರ್ಛೆಹೋಗಬಹುದು. ಅವನನ್ನು ಬೇಗನೆ ಇಳಿಸುವ ಏರ್ಪಾಡು ಮೊದಲೇ ಇರತಕ್ಕದ್ದು.

ಗೃಹಸ್ಥರಾದ ನಮಗೂ ಇದರಲ್ಲಿ ಪಾಠವಿದೆ. ಮಾಳಿಗೆಯ ನೀರಿನ ತೊಟ್ಟಿ ತೊಳೆಯಲು ಆಳನ್ನು ಕರೆದಾಗ ಆ ಹೊತ್ತಿಗೆ ಒಡೆಯರು ನಾವೇ. ಏಣಿಯು 12 ಅಡಿ ಎತ್ತರಕ್ಕೆ ಒರಗಿದ್ದರೆ ಅದರ ಬುಡವು ಗೋಡೆಯಿಂದ 3 ಅಡಿ ದೂರವಿರಲಿ. ನೆಲ ಒದ್ದೆಯಿರದಿರಲಿ. ಕೆಳಗೆ ಒಬ್ಬರು ಏಣಿಯನ್ನು ಹಿಡಿದು ನಿಲ್ಲಲಿ. ಕೂಲಿಯ ವಿಚಾರದಲ್ಲಿ ಚೌಕಾಸಿ ಮಾಡುವಷ್ಟು ಹೊತ್ತನ್ನು ಇದಕ್ಕೆ ಕೊಟ್ಟರೂ ಸಾಕು, ಹತ್ತಿದವನು ಕ್ಷೇಮವಾಗಿ ಇಳಿದು ತನ್ನ ಮನೆ ಸೇರಿಯಾನು.