ಜೋಗದ ಹುಲ್ಲಿಗೆ ಉಳಿದ ಸಾಕ್ಷಿ

ಮಲೆನಾಡಿಗೆ ಯಾವುದೇ ಬೃಹತ್ ಯೋಜನೆ ಬಂದಾಗಲೂ ಲೆಕ್ಕ ಹಾಕುವುದು ಎರಡನ್ನೇ: ಎಷ್ಟು ಎಕರೆ ಕಾಡು ಹೋಗುತ್ತದೆ, ಎಷ್ಟು ಮರ ಉರುಳುತ್ತವೆ. ಮರವಲ್ಲದ್ದು, ಎಕರೆಯಲ್ಲಿ ಅಳೆಯಲಾಗದ್ದು ಆ ಲೆಕ್ಕದೊಳಗೆ ಬರುವುದೇ ಇಲ್ಲ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿರುವ ಈ ಕಾಲದಲ್ಲಿ, ಅದೇ ಶರಾವತಿಯ ಮಡಿಲಲ್ಲಿ ಯಾರ ಲೆಕ್ಕಕ್ಕೂ ಸಿಗದೆ ಹೋದ ಒಂದು ಹುಲ್ಲಿನ ಕಥೆಯನ್ನು ನೆನೆಯುವುದು ಉಚಿತ.

1919ರಲ್ಲಿ ಎಲ್. ಜೆ. ಸೆಜ್‌ವಿಕ್ ಮತ್ತು ಟಿ. ಆರ್. ಬೆಲ್ ಎಂಬಿಬ್ಬರು ಗೇರುಸೊಪ್ಪೆ ಜಲಪಾತದ, ಅಂದರೆ ಇಂದಿನ ಜೋಗದ, ತುಂತುರು ಬೀಳುವ ಒದ್ದೆ ತಾಣದಲ್ಲಿ ಒಂದು ಪುಟ್ಟ ಹುಲ್ಲನ್ನು ಸಂಗ್ರಹಿಸಿದರು. ಸೆಜ್‌ವಿಕ್ ಸಿವಿಲ್ ಸರ್ವಿಸ್ ಅಧಿಕಾರಿ. ಬೆಲ್ ಉತ್ತರ ಕನ್ನಡದ ಕಾಡುಗಳಲ್ಲಿ ದುಡಿದು, ನಿವೃತ್ತಿಯ ಬಳಿಕವೂ ಕಾರವಾರದಲ್ಲೇ ನೆಲೆಸಿ ಚಿಟ್ಟೆ, ಪತಂಗಗಳನ್ನು ಅಭ್ಯಸಿಸಿದ ಅರಣ್ಯಾಧಿಕಾರಿ. ಒಣಗಿಸಿ ಕಾಪಿಟ್ಟ ಆ ಹುಲ್ಲಿಗೆ ವಿಜ್ಞಾನದಲ್ಲಿ ಅಂದು ಹೆಸರೇ ಇರಲಿಲ್ಲ. 1951ರಲ್ಲಿ ಹುಲ್ಲುಗಳ ತಜ್ಞ ಎನ್. ಎಲ್. ಬೋರ್ ಅದನ್ನು ಹೊಸ ಪ್ರಭೇದವೆಂದು ಮಾತ್ರವಲ್ಲ, ಹೊಸ ಕುಲವೆಂದೇ ಗುರುತಿಸಿ ಪ್ರಕಟಿಸಿದರು. ಕ್ಯೂ ಸಸ್ಯೋದ್ಯಾನದ ವಿದ್ವಾಂಸ ಸಿ. ಇ. ಹಬ್ಬರ್ಡ್ ಅವರ ಗೌರವಾರ್ಥವಾಗಿ ಅದು 'ಹಬ್ಬರ್ಡಿಯಾ ಹೆಪ್ಟಾನ್ಯೂರಾನ್' ಆಯಿತು. ಹೆಪ್ಟಾನ್ಯೂರಾನ್ ಎಂದರೆ ಏಳು ನರಗಳುಳ್ಳದ್ದು.

ಹೆಸರು ದೊರೆಯುವ ಹೊತ್ತಿಗೆ ನದಿಯ ಸ್ಥಿತಿ ಬದಲಾಗತೊಡಗಿತ್ತು. ಜೋಗದ ಮೊದಲ ವಿದ್ಯುದಾಗಾರ ಆಗಲೇ ಕೆಲಸ ಆರಂಭಿಸಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನೀರು ಕೊಳವೆಗಳ ದಾರಿ ಹಿಡಿದ ಮೇಲೆ ಬಂಡೆಗಳನ್ನು ತೋಯಿಸುತ್ತಿದ್ದ ತುಂತುರು ಕ್ಷೀಣಿಸಿತು. ಮುಂದೆ ಜೋಗದಲ್ಲಿ ಹುಡುಕಿದವರಿಗೆ ಆ ಹುಲ್ಲು ದೊರೆಯಲಿಲ್ಲ. ಲೋಕದಲ್ಲಿ ಬೇರೆಲ್ಲೂ ಕಾಣದ ಆ ಕುಲ ನಾಶವಾಯಿತೆಂದೇ ಸಸ್ಯವಿಜ್ಞಾನಿಗಳು ಭಾವಿಸಿದರು. ಅದು ಒಮ್ಮೆ ಇತ್ತೆಂಬುದಕ್ಕೆ ಉಳಿದ ಸಾಕ್ಷಿ ಹಳೆಯ ಒಣ ಮಾದರಿಗಳಷ್ಟೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2000ದ ದಶಕದ ಆರಂಭದಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಅದೇ ಹುಲ್ಲನ್ನು ಮತ್ತೆ ಕಂಡರು. ಅದನ್ನು ಬೆಳೆಸಿ ಹೆಚ್ಚಿಸುವ ಯತ್ನವನ್ನೂ ಕೈಗೊಂಡರು. 2012ರಲ್ಲಿ ಅದೇ ಕುಲದ ಇನ್ನೊಂದು ಪ್ರಭೇದ ಮಹಾರಾಷ್ಟ್ರದಿಂದಲೇ ವರ್ಣಿತವಾಯಿತು. ತಿಲಾರಿಯ ಬಂಡೆಯ ಮೇಲಿದ್ದುದು ಜೋಗದ ಹುಲ್ಲೇ ಎಂದು ಹೇಳಲು ಆಧಾರವಾದುದು ಎಂಬತ್ತು ವರ್ಷಗಳ ಹಿಂದಿನ ಸಂಗ್ರಹ ಮತ್ತು ಅದರಿಂದ ಸಿದ್ಧವಾದ ವರ್ಣನೆ. ಅಂದು ಅದನ್ನು ಯಾರೂ ಒಣಗಿಸಿಡದಿದ್ದರೆ, ಆ ಹುಲ್ಲು ಜೋಗದಿಂದ ಮರೆಯಾದುದೂ ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲವಾದುದನ್ನು ಇಲ್ಲವಾಯಿತೆಂದು ಹೇಳಲು ಸಹ ದಾಖಲೆ ಬೇಕು.

ವಸ್ತುಸಂಗ್ರಹಾಲಯವೆಂದರೆ ಸತ್ತ ವಸ್ತುಗಳ ಉಗ್ರಾಣ, ಜೀವಂತ ಕಾಡಿರುವಾಗ ಅದರ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ಕೃಷಿರಂಗದಿಂದಲೇ ಒಂದು ಉತ್ತರವಿದೆ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಎಲ್ಲೆಡೆ ಬಳಕೆಗೆ ಬಂದಾಗ ಬ್ರಿಟನ್ನಿನಲ್ಲಿ ಪೆರಿಗ್ರೀನ್ ಡೇಗೆಗಳ ಗೂಡುಗಳಲ್ಲಿ ಮೊಟ್ಟೆಗಳು ಒಡೆಯತೊಡಗಿದವು. ಡೆರೆಕ್ ರ್‍ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಸಂಗ್ರಹಗಳಲ್ಲಿದ್ದ ಹಳೆಯ ಮೊಟ್ಟೆಗಳ ಚಿಪ್ಪುಗಳನ್ನು ಅಳೆದು, ತೂಗಿ, ಹೊಸವುಗಳೊಡನೆ ಹೋಲಿಸಿದರು. 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿರುವುದನ್ನು 1967ರಲ್ಲಿ ಪ್ರಕಟಿಸಿದರು. ಅಮೆರಿಕವು 1972ರಲ್ಲಿ ಡಿಡಿಟಿಯ ಕೃಷಿಬಳಕೆಯನ್ನು ನಿಲ್ಲಿಸಿದ್ದರ ಹಿಂದೆ ಇಂತಹ ಪುರಾವೆಗಳ ಬಲವಿತ್ತು. ಆ ಮೊಟ್ಟೆಗಳನ್ನು ಹವ್ಯಾಸಕ್ಕಾಗಿ ಕೂಡಿಟ್ಟವರು ಕೀಟನಾಶಕವನ್ನು ಕನಸಿನಲ್ಲೂ ಕಂಡವರಲ್ಲ. ಸಂಗ್ರಹದ ಉಪಯೋಗ ಏನೆಂಬುದು ಸಂಗ್ರಹಿಸುವ ದಿನ ತಿಳಿದಿರುವುದಿಲ್ಲ.

ಹಾಗೆಂದು ಹಳೆಯ ಸಂಗ್ರಹಗಳೆಲ್ಲ ನಿರ್ದೋಷವಲ್ಲ. ವಿರಳ ಪ್ರಾಣಿಪಕ್ಷಿಗಳನ್ನು ಕೊಂದು ಪೆಟ್ಟಿಗೆ ತುಂಬಿದ ಉದಾಹರಣೆಗಳು ಬೇಕಷ್ಟಿವೆ. ಗಿಡದ ನೆಲೆ ತೋರಿಸಿದ ಹಳ್ಳಿಗರ ಹೆಸರು ಚೀಟಿಯ ಮೇಲೆ ಬರೆದವರು ವಿರಳ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಈ ಮಾತಿಗೆ ಅಪವಾದ. ಮಲಬಾರಿನ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ಟರ ಹೆಸರುಗಳು ಅದರಲ್ಲಿವೆ. ಹೆಸರು ಬರೆದಿಟ್ಟಿದ್ದರಿಂದಲೇ ಆ ಜ್ಞಾನ ಯಾರದೆಂಬುದು ಇಂದಿಗೂ ಸ್ಪಷ್ಟವಾಗಿದೆ.

ಸಂಗ್ರಹಗಳು ಶಾಶ್ವತವೂ ಅಲ್ಲ. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ 2016ರ ಏಪ್ರಿಲ್ 26ರಂದು ಬೆಂಕಿಗೆ ಆಹುತಿಯಾಯಿತು. ಕರ್ನಾಟಕದ ಮಟ್ಟಿಗೆ ಸಮಾಧಾನದ ಸಂಗತಿಗಳಿವೆ. ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಕುರಿತು 1976ರಲ್ಲಿ ಹೊರಬಂದ ಬೃಹದ್ಗ್ರಂಥದ ಕರ್ತೃಗಳಲ್ಲೊಬ್ಬರಾದ ಫಾದರ್ ಸೆಸಿಲ್ ಸಲ್ಡಾನ ಅವರು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಬೆಳೆಸಿದ ಒಣಸಸ್ಯ ಭಂಡಾರವು ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಉಳಿದಿದೆ. ಮೈಸೂರಿನ ಕಾರಂಜಿ ಕೆರೆಯ ಬಳಿ 1995ರಿಂದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವಿದೆ. ಶಾಲಾ ಪ್ರವಾಸದಲ್ಲಿ ಅರಮನೆ, ಮೃಗಾಲಯಗಳ ಜತೆ ಅದಕ್ಕೂ ಅರ್ಧ ದಿನ ಮೀಸಲಿಡಬೇಕು.

ಆದರೆ ದೂರದ ನಗರದ ಕಪಾಟುಗಳು ಮಲೆನಾಡಿನ ಪ್ರತಿ ಹಳ್ಳವನ್ನೂ ಬಲ್ಲವಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಬೆಳೆಯುವ ಎತ್ತರದ ಮರವೊಂದಕ್ಕೆ 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂಬ ಹೆಸರು ಬಂದದ್ದು 2000ದಲ್ಲಿ. ಮಾವು, ಗೋಡಂಬಿಗಳ ಕುಟುಂಬಕ್ಕೆ ಸೇರಿದ ಇಷ್ಟು ದೊಡ್ಡ ಮರವೇ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ವಿಜ್ಞಾನದ ಕಣ್ಣಿಗೆ ಬೀಳದಿದ್ದರೆ, ಹುಲ್ಲು, ಹಾವಸೆ, ಏಡಿ, ಕಪ್ಪೆಗಳ ಪಾಡೇನು? ಇಂತಹ ಜಡ್ಡಿಗಳನ್ನು ಬಸಿದು ಗದ್ದೆ, ತೋಟ ಮಾಡಿದ ಎಡೆಗಳಲ್ಲಿ ಹೆಸರು ಪಡೆಯುವ ಮೊದಲೇ ಏನೇನು ಅಳಿದುವೋ ಹೇಳಲು ಸಾಕ್ಷಿಯೇ ಇಲ್ಲ.

ಈ ಕೊರತೆ ನೀಗಿಸುವ ಸಾಧನವೊಂದು ಕಾನೂನಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಜನರೊಡನೆ ಕೂಡಿ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿದಾಗ ಅನೇಕ ಕಡೆ ಈ ಕಾರ್ಯ ಅವಸರದಲ್ಲಿ ನಡೆಯಿತು. ಎಲ್ಲಿ, ಯಾವಾಗ, ಯಾರು ಕಂಡರೆಂಬ ವಿವರವಿಲ್ಲದ ಬರೀ ಹೆಸರುಗಳ ಪಟ್ಟಿ ಸಾರ್ವಜನಿಕ ಅಹವಾಲು ಸಭೆಯಲ್ಲಿ ನಿಲ್ಲುವುದಿಲ್ಲ. ಒಣಗಿಸಿದ ಒಂದು ರೆಂಬೆ, ಅದರ ಪಕ್ಕ ಊರು, ಹಳ್ಳದ ಹೆಸರು, ದಿನಾಂಕ, ಆಡುಮಾತಿನ ಹೆಸರು, ತೋರಿಸಿದವರ ಹೆಸರು ಇದ್ದರೆ ನಿಲ್ಲುತ್ತದೆ.

ಇದಕ್ಕೆ ದೊಡ್ಡ ವೆಚ್ಚವಿಲ್ಲ. ಹಳೆಯ ಪತ್ರಿಕೆ, ಮೇಲೆ ಹೇರಲು ಹಲಗೆ, ಕಲ್ಲು, ದಪ್ಪ ಕಾಗದ, ಸೂಜಿದಾರ ಸಾಕು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಪತ್ರಿಕೆ ಬದಲಿಸಿ, ಒಲೆಯ ಮೇಲಿನ ಅಟ್ಟದ ಬಿಸಿಯಲ್ಲಿಟ್ಟರೆ ಬೂಷ್ಟು ಹಿಡಿಯದು. ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿದರೆ ಹುಳು ಬಾರದು. ಪಾಲಿಸಬೇಕಾದ ಕಟ್ಟುಪಾಡುಗಳೂ ಇವೆ. ಮನೆಯ ಹಿತ್ತಲು, ತೋಟ, ಗದ್ದೆಯ ಬದುಗಳಲ್ಲಿ ಹೇರಳವಾಗಿರುವ ಗಿಡದಿಂದ ಒಂದು ರೆಂಬೆ ಮಾತ್ರ ತೆಗೆಯಬೇಕು. ಸೀತಾಳೆಯಂತಹ ವಿರಳ ಸಸ್ಯಕ್ಕೆ ಚಿತ್ರ ಮತ್ತು ಟಿಪ್ಪಣಿಯೇ ಸಾಕು. ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ಎಲೆಯನ್ನೂ ಕೀಳಬಾರದು. ಪ್ರಾಣಿಪಕ್ಷಿ, ಗೂಡು, ಮೊಟ್ಟೆಗಳನ್ನು ಮುಟ್ಟಲೇಬಾರದು. ಅವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ನೋಡಿದ್ದನ್ನು ದಿನಾಂಕ ಸಹಿತ ಬರೆದಿಡುವುದೇ ಅಲ್ಲಿನ ಸಂಗ್ರಹ.

ಗಿಡದ ಗುರುತು ಬಲ್ಲ ಅಜ್ಜ, ಅಜ್ಜಿಯರು ಊರೂರಲ್ಲಿದ್ದಾರೆ. ಬರೆಯಬಲ್ಲ ಮಕ್ಕಳು ಶಾಲೆಯಲ್ಲಿದ್ದಾರೆ. ಇವರಿಬ್ಬರನ್ನು ಒಂದೇ ಹಳ್ಳದ ದಂಡೆಗೆ ಕರೆತರುವ ಹೊಣೆ ಶಿಕ್ಷಕರದ್ದು ಮತ್ತು ಪಂಚಾಯಿತಿಗಳದ್ದು. ಜೋಗದ ಹುಲ್ಲಿನ ಪರವಾಗಿ ಸಾಕ್ಷಿ ನುಡಿದದ್ದು 1919ರ ಒಂದು ಒಣ ಮಾದರಿ, ಅದೂ ಹುಲ್ಲು ಜೋಗದಿಂದ ಮರೆಯಾದ ಮೇಲೆ. ಮುಂದಿನ ಅಹವಾಲು ಸಭೆಯ ಹೊತ್ತಿಗೆ ಮಲೆನಾಡಿನ ಪ್ರತಿ ಹಳ್ಳದ ಪರವಾಗಿಯೂ ನುಡಿಯಬಲ್ಲ ಸಾಕ್ಷ್ಯ ಆಯಾ ಊರಿನ ಶಾಲೆಯ ಕಪಾಟಿನಲ್ಲೇ ಸಿದ್ಧವಿರಬೇಕು.