ತೆರಿಗೆಯ ಮೂಟೆ ಯಾರ ಬೆನ್ನಿಗೆ?

ಕೊಳಾಲದ ಅಂಗಡಿಯಲ್ಲಿ ಹತ್ತು ಕಿಲೋ ಅಕ್ಕಿಯ ಚೀಲ ಕೊಳ್ಳುವ ಕೂಲಿಯವನೂ ಸರ್ಕಾರಕ್ಕೆ ಕಂದಾಯ ಕೊಟ್ಟೇ ಮನೆ ಸೇರಬೇಕು. ಲೇಬಲ್ ಹಚ್ಚಿ ಕಟ್ಟಿದ 25 ಕಿಲೋವರೆಗಿನ ಅಕ್ಕಿ, ಹಿಟ್ಟುಗಳ ಮೇಲೆ 2022ರ ಜುಲೈ 18ರಿಂದ ನೂರಕ್ಕೆ 5ರಂತೆ ಜಿ.ಎಸ್.ಟಿ. ಹೇರಿದರು. ಹಣ ಬೊಕ್ಕಸಕ್ಕೆ, ಗಿರಾಕಿಯ ಬೈಗುಳ ಅಂಗಡಿಯವನಿಗೆ!

ಸಿರಿವಂತರ ಪಾಡೇನು? 1957ರ ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ರದ್ದುಮಾಡಿದರು. ಅಮೆರಿಕವು 2017ರಲ್ಲಿ ಕಂಪನಿಗಳ ತೆರಿಗೆಯನ್ನು ನೂರಕ್ಕೆ 35ರಿಂದ 21ಕ್ಕೆ ಇಳಿಸಿತು. ದಿಲ್ಲಿಯೂ ಅದೇ ಹಾದಿ ಹಿಡಿದು, ವಿನಾಯಿತಿ ಬಿಟ್ಟುಕೊಡುವ ಕಂಪನಿಗಳಿಗೆ 2019ರಲ್ಲಿ 30 ಇದ್ದುದನ್ನು 22 ಮಾಡಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಅಂದು ಲೆಕ್ಕ ಕೊಟ್ಟಿತು.

ಶಿರಾ, ಪಾವಗಡದ ಹೊಲಗಳಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆಗೆ ಮಾತ್ರ ಕೈ ಬಿಗಿ. 2023ರ ಬಜೆಟ್ಟಿನಲ್ಲಿ ಸಾರಿದ 5,300 ಕೋಟಿ ರೂಪಾಯಿ ಎರಡು ವರ್ಷ ಕಳೆದರೂ ಬರಲಿಲ್ಲ. ಉಳ್ಳವರಿಗೆ ಬಿಟ್ಟುಕೊಡುವಾಗ ತುಂಬಿದ್ದ ಬೊಕ್ಕಸ, ರೈತನು ಕೈಯೊಡ್ಡಿದಾಗ ಬರಿದಾಗುವುದು ಹೇಗೆ?

1963ರಲ್ಲಿ ಲೋಹಿಯಾ ಲೋಕಸಭೆಯಲ್ಲಿ ಬಡವನ ದಿನದ ಮೂರಾಣೆಯ ಲೆಕ್ಕವನ್ನು ಸರ್ಕಾರದ ಮುಂದಿಟ್ಟರು. ಅದೇ ಲೆಕ್ಕವನ್ನು ನಾವು ಮತ್ತೆ ಕೇಳುತ್ತೇವೆ. ಅನ್ನದ ಮೇಲಿನ ತೆರಿಗೆ ತೊಲಗಲಿ, ಸಂಪತ್ತಿನ ಮೇಲಿನ ತೆರಿಗೆ ಮರಳಿ ಬರಲಿ. ವೋಟು ಕೇಳಲು ಬರುವವರು ಮೊದಲು ಇದಕ್ಕೆ ಉತ್ತರ ಹೇಳಲಿ.