ಹಾಡುವ ಪೆಟ್ಟಿಗೆಗೂ ಸೆಕೆಯಾಗುತ್ತದೆ



ಈ ಸಲ ನಾನು ತಪ್ಪೊಪ್ಪಿಗೆಯಿಂದಲೇ ಶುರು ಮಾಡಬೇಕು. ಹಿಂದೊಮ್ಮೆ ಇದೇ ಪುಟದಲ್ಲಿ, ಹಳೇ ರೇಷ್ಮೆ ಸೀರೆಯ ಅಂಚಿನಿಂದ ಮಿಕ್ಸಿಗೆ, ಆಂಪ್ಲಿಫೈಯರ್‌ಗೆ ಚೆಂದದ ಗವಸು ಹೊಲಿಯುವುದು ಹೇಗೆಂದು ಬರೆದಿದ್ದೆ. ಎಷ್ಟೋ ಜನ ಹೊಲಿದು ನೋಡಿ ಕಾಗದವನ್ನೂ ಬರೆದಿರಿ. ಮಿಕ್ಸಿಯದು ಇರಲಿ. ಆಂಪ್ಲಿಫೈಯರ್ ಗವಸನ್ನು ಮಾತ್ರ ದಯವಿಟ್ಟು ಇವತ್ತೇ ತೆಗೆದುಬಿಡಿ. ಯಾಕೆ ಅಂತ ಹೇಳ್ತೀನಿ, ಕೇಳಿ.

ನಮ್ಮ ಮನೆ ಇರೋದು ಬನಶಂಕರಿ ಎರಡನೇ ಹಂತದಲ್ಲಿ. ಹಾಲಿನ ಷೋಕೇಸಿನಲ್ಲಿ ನಮ್ಮ ಮಾವನವರ ಕಾಲದ ಆಂಪ್ಲಿಫೈಯರ್ ಇದೆ. ಎತ್ತಿದರೆ ಅಕ್ಕಿ ಮೂಟೆ ಎತ್ತಿದ ಹಾಗೆ. 1939ರಲ್ಲಿ ಶುರುವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಚೇರಿಗಳಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ತಪ್ಪದೆ ಹೋಗುತ್ತಿದ್ದವರು ಮಾವನವರು. ಮನೆಗೆ ಬಂದ ಮೇಲೂ ಕ್ಯಾಸೆಟ್ ಹಾಕಿಕೊಂಡು ತಾಳ ಹಾಕುತ್ತಾ ಕೂರುವರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಈಗ ಸಂಜೆ ಎರಡು ಗಂಟೆ ನಮ್ಮತ್ತೆಯವರು ಕೇಳುತ್ತಾರೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. "ಏನೇ, ಒಲೆ ಮೇಲೆ ಏನಾದ್ರೂ ಇಟ್ಟು ಮರೆತ್ಯಾ?" ಅಂತ ಅತ್ತೆ ಕೂಗಿದರು. ಓಡಿಹೋಗಿ ನೋಡಿದರೆ ಗ್ಯಾಸ್ ಆಫ್ ಆಗಿದೆ. ವಾಸನೆ ಬರುತ್ತಿದ್ದುದು ಷೋಕೇಸಿನಿಂದ! ಗವಸು ಎತ್ತಿದೆ. ಒಳಗಿನ ಲೈನಿಂಗ್ ಬಟ್ಟೆ ಕಂದು ತಿರುಗಿತ್ತು. ಪೆಟ್ಟಿಗೆಯ ಮೇಲೆ ಕೈ ಇಡಲಾಗಲಿಲ್ಲ. ಕೂಡಲೇ ಪ್ಲಗ್ ಕಿತ್ತೆ. ಹಾಡೇ ಹಾಕಿರಲಿಲ್ಲ, ನೋಡಿ! ಬರೀ ಸ್ವಿಚ್ ಆನ್ ಆಗಿತ್ತು, ಅಷ್ಟೆ.

ಸಂಜೆ ರಿಪೇರಿಯವರು ಬಂದರು. ಗವಸು ನೋಡಿ ನಕ್ಕುಬಿಟ್ಟರು. "ಅಮ್ಮಾ, ಮೇಲಿರೋ ತೂತುಗಳು ಅಂದಕ್ಕೆ ಇಟ್ಟಿದ್ದಲ್ಲ. ಅದರ ಮೂಗು ಅದು. ಮೂಗು ಮುಚ್ಚಿದ್ರೆ ನಮಗಾದ್ರೂ ಏನಾಗುತ್ತೆ?" ಅಂದರು. ನನಗೆ ನಾಚಿಕೆಯಾಯಿತು. ಆದರೂ ಬಿಡದೆ ಕೇಳಿದೆ, ಹಾಡದೆ ಸುಮ್ಮನಿದ್ದರೂ ಅದು ಯಾಕೆ ಕಾಯುತ್ತೆ ಅಂತ. ಅವರು ಹೇಳಿದ್ದನ್ನು ನಮ್ಮ ಅಡುಗೆಮನೆ ಭಾಷೆಯಲ್ಲೇ ಹೇಳ್ತೀನಿ.

ದೋಸೆ ಕಾವಲಿ ನೆನೆಸಿಕೊಳ್ಳಿ. ಯಾರು ಬರಲಿ ಬಿಡಲಿ, ದಿನವಿಡೀ ಉರಿ ಜೋರಾಗಿಟ್ಟರೆ ಅದು 'ಎ' ಕ್ಲಾಸ್ ಆಂಪ್ಲಿಫೈಯರ್. ದೋಸೆ ಚೆನ್ನ, ಗ್ಯಾಸ್ ದಂಡ. ಲೆಕ್ಕದ ಪ್ರಕಾರವೇ 100ಕ್ಕೆ 50 ಪಾಲಿಗಿಂತ ಹೆಚ್ಚು ಕರೆಂಟು ಸ್ಪೀಕರಿಗೆ ಹೋಗುವುದಿಲ್ಲ. ದೋಸೆ ಹುಯ್ಯುವಾಗ ಮಾತ್ರ ಉರಿ ಹಚ್ಚಿದರೆ ಅದು 'ಬಿ' ಕ್ಲಾಸ್. ಇದರಲ್ಲಿ 78 ಪಾಲಿನವರೆಗೂ ಹೋಗಬಹುದು. ಆದರೆ ತಣ್ಣಗಿನ ಕಾವಲಿಗೆ ಮೊದಲ ದೋಸೆ ಅಂಟುವ ಹಾಗೆ ಸಣ್ಣ ದನಿಗಳು ಒಡೆದು ಕೇಳುತ್ತವೆ. ಅದಕ್ಕೇ 'ಎಬಿ' ಕ್ಲಾಸ್ ಅಂತ ಮಾಡಿದರು. ಉರಿಯನ್ನು ಸಿಮ್‌ನಲ್ಲಿ ಇಟ್ಟಿರುವುದು. ನಮ್ಮ ಮನೆಯದು ಇದೇ. ಹಾಡದಿದ್ದರೂ ಒಳಗೆ ಕಾವು ಇದ್ದೇ ಇರುತ್ತದೆ.

ಈಗ ಬರುವ ಚಿಕ್ಕ ಚಿಕ್ಕ ಸೆಟ್ಟುಗಳು 'ಡಿ' ಕ್ಲಾಸ್. ಹಳೆಯದರಲ್ಲಿ ಟ್ರಾನ್ಸಿಸ್ಟರು ಅರ್ಧ ತಿರುಗಿಸಿದ ನಲ್ಲಿಯಂತೆ ಕರೆಂಟನ್ನು ತಡೆದು ತಡೆದು ಬಿಡುತ್ತದೆ. ತಡೆದದ್ದೆಲ್ಲ ಶಾಖ. 'ಡಿ' ಕ್ಲಾಸಿನಲ್ಲಿ ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು, ಎರಡೇ. ಅದೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ! ತಡೆಯುವ ಕೆಲಸವೇ ಇಲ್ಲದ್ದರಿಂದ ಶಾಖ ಕಮ್ಮಿ. ದನಿ ಜೋರಾಗಿರುವಾಗ ಸುಮಾರು 90 ಪಾಲು ಸ್ಪೀಕರಿಗೇ ಹೋಗುತ್ತದೆ. ನಿಮ್ಮ ಮಕ್ಕಳ ಬ್ಲೂಟೂತ್ ಸ್ಪೀಕರಿನಲ್ಲಿ ಸಾಮಾನ್ಯವಾಗಿ ಇರುವುದೂ ಇದೇ.

ಹಳೆಯ ವಾಲ್ವ್ ರೇಡಿಯೋ ನೆನಪಿದೆಯಾ? ಒಳಗೆ ಕೆಂಪಗೆ ಕೆಂಡದ ಹಾಗೆ ಉರಿಯುತ್ತಿತ್ತಲ್ಲ, ಆ ವಾಲ್ವು ಕಾಯದೆ ಕೆಲಸವನ್ನೇ ಮಾಡುತ್ತಿರಲಿಲ್ಲ. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿ 1961ರಲ್ಲಿ ಆ ವಾಲ್ವುಗಳ ತಯಾರಿಕೆ ಶುರುವಾಯಿತು, ಮರುವರ್ಷವೇ ಜರ್ಮೇನಿಯಂ ಬಿಡಿಭಾಗಗಳದ್ದು. ಅಂತೂ ಈ ಶಾಖದ ತಕರಾರು ಹಳೆಯದೇ.

ರಿಪೇರಿಯವರು ಪ್ಲಗ್ಗಿಗೆ ಒಂದು ಪುಟ್ಟ ಮೀಟರ್ ಸಿಕ್ಕಿಸಿ ತೋರಿಸಿದರು. ಹಾಡಿಲ್ಲದೆ 30 ವ್ಯಾಟ್. ಅತ್ತೆಯವರು ಕೇಳುವಷ್ಟು ದನಿಯಲ್ಲಿ ಹಾಡು ಹಾಕಿದರೆ 33. ಅಂದರೆ ಖರ್ಚೆಲ್ಲ ಕಾವಿಗೇ! ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅದು ಆನ್ ಇರುತ್ತಿತ್ತು. ಕೇಳುವುದು ಎರಡು ಗಂಟೆ, ಸುಮ್ಮನೆ ಕಾಯುವುದು 14 ಗಂಟೆ. ದಿನಕ್ಕೆ 420 ವ್ಯಾಟ್-ಗಂಟೆ, ತಿಂಗಳಿಗೆ ಹನ್ನೆರಡೂವರೆ ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಲ್ಲ? ಹಿಂದಿನ ತಿಂಗಳು ನಮ್ಮದು 206 ಆಗಿತ್ತು. ಗೀಸರನ್ನು ಬೈದುಕೊಂಡಿದ್ದೆ, ಪಾಪ.

"ಇದನ್ನ ಗುಜರಿಗೆ ಹಾಕಿ ಹೊಸದು ತರೋಣ" ಅಂದರು ನಮ್ಮವರು. ಅತ್ತೆ ಮಾತಾಡಲಿಲ್ಲ. ಎದ್ದು ಒಳಗೆ ಹೋದರು. ರಾತ್ರಿ ನಾನೇ ಹೋಗಿ ಪಕ್ಕದಲ್ಲಿ ಕೂತು, "ಅಮ್ಮಾ, ಕೇಳದೇ ಇರುವಾಗಲೂ ಯಾಕೆ ಆನ್ ಮಾಡಿಟ್ಟಿರ್ತೀರಿ?" ಅಂದೆ. "ಆ ಕೆಂಪು ದೀಪ ಉರೀತಿದ್ರೆ ಅವರು ಹಾಲಲ್ಲೇ ಕೂತಿದ್ದಾರೆ ಅನ್ಸುತ್ತೆ ಕಣೇ" ಅಂದರು. ನನಗೆ ಮಾತೇ ಹೊರಡಲಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಇದು ನನಗೆ ತಿಳಿದಿರಲಿಲ್ಲ.

ಪೆಟ್ಟಿಗೆ ಉಳಿಯಿತು. ಧೂಳು ತೆಗೆಸಿ, ಶಾಖಕ್ಕೆ ಬಳಲಿದ್ದ ಕೆಪಾಸಿಟರುಗಳನ್ನು ಎಸ್.ಪಿ. ರಸ್ತೆಯಿಂದ ತರಿಸಿ ಬದಲಾಯಿಸಿದ್ದಾಯಿತು. ನೀವೂ ಈ ನಾಲ್ಕು ಮಾತು ಗಮನದಲ್ಲಿಡಿ:

ಆಂಪ್ಲಿಫೈಯರಿನ ಮೇಲೆ ಗವಸು, ಪುಸ್ತಕ, ಹೂದಾನಿ ಬೇಡ. ಮೇಲೆ ಒಂದು ಗೇಣು, ಪಕ್ಕಕ್ಕೆ ನಾಲ್ಕು ಬೆರಳು ಜಾಗ ಬಿಡಿ. ಷೋಕೇಸಿನ ಗಾಜಿನ ಬಾಗಿಲು ತೆರೆದಿರಲಿ. ಒಳಗಿನ ಶಾಖ 10 ಡಿಗ್ರಿ ಏರಿದರೆ ಕೆಪಾಸಿಟರಿನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ.

ಕೇಳಿ ಮುಗಿದ ಕೂಡಲೇ ಸ್ವಿಚ್ ಆರಿಸಿ. ಸುಟ್ಟ ವಾಸನೆ ಬಂದರೆ ಪ್ಲಗ್ ಕೀಳಿ. ನೀವೇ ಬಿಚ್ಚಲು ಹೋಗಬೇಡಿ. ಕರೆಂಟು ತೆಗೆದ ಮೇಲೂ ಒಳಗೆ ಷಾಕ್ ಹೊಡೆಯುವಷ್ಟು ಉಳಿದಿರಬಹುದು.

ದನಿ ಸಾಲದೆಂದು ಇನ್ನೆರಡು ಸ್ಪೀಕರನ್ನು ಅದೇ ವೈರಿಗೆ ಸೇರಿಸಬೇಡಿ. ಹೊರೆ ಹೆಚ್ಚಿ ಪೆಟ್ಟಿಗೆ ಇನ್ನೂ ಕಾಯುತ್ತದೆ.

ಹೊಸದು ಕೊಳ್ಳುವಾಗ ಡಬ್ಬಿಯ ಮೇಲೆ ಸಾವಿರಗಟ್ಟಲೆ 'ಪಿಎಂಪಿಒ' ವ್ಯಾಟ್ ಎಂದಿದ್ದರೆ ಮರುಳಾಗಬೇಡಿ. 'ಆರ್‌ಎಂಎಸ್' ಎಷ್ಟು, 'ಡಿ' ಕ್ಲಾಸೇ ಎಂದು ಕೇಳಿ. ಮನೆಯಲ್ಲಿ ಹಿತವಾಗಿ ಕೇಳಲು ಸಾಮಾನ್ಯವಾಗಿ ಒಂದೆರಡು ವ್ಯಾಟ್ ಸಾಕು.

ಇನ್ನು ಅತ್ತೆಯವರ ಕೆಂಪು ದೀಪ. ಅರ್ಧ ವ್ಯಾಟಿನ ಒಂದು ಕೆಂಪು ಎಲ್‌ಇಡಿ ಬಲ್ಬು ತಂದು ಷೋಕೇಸಿನಲ್ಲಿ ಹಾಕಿಸಿದೆ. ಹದಿನಾರು ಗಂಟೆ ಉರಿದರೂ ತಿಂಗಳಿಗೆ ಕಾಲು ಯೂನಿಟ್. ಈಗ ಹಾಡು ಮುಗಿದೊಡನೆ ಅತ್ತೆಯೇ ಎದ್ದು ಆಂಪ್ಲಿಫೈಯರ್ ಆರಿಸುತ್ತಾರೆ. ದೀಪ ಮಾತ್ರ ರಾತ್ರಿ ಹತ್ತರವರೆಗೂ ಉರಿಯುತ್ತದೆ. ಹೊಲಿದ ಗವಸು ದಂಡವಾಗಲಿಲ್ಲ, ಹೊಲಿಗೆ ಮೆಷಿನ್ನಿಗೆ ಸರಿಯಾಗಿ ಕೂತಿದೆ.